ಟ್ರಂಕು, ಸಂತೆ, ಫೋನು: ಹಳೆ ಅರಿವಿ ಎಲ್ಲಿ ಕೊಳ್ಳಬೇಕು?

ಹೋದ ಯುಗಾದಿಯಿಂದ ಈ ಯುಗಾದಿವರೆಗೆ ನಾನು ಉಟ್ಟು ತೊಟ್ಟದ್ದರಲ್ಲಿ ಒಂದು ಸೀರೆ ಬಿಟ್ಟರೆ ಉಳಿದದ್ದೆಲ್ಲ ಮತ್ತೊಬ್ಬರು ಉಟ್ಟು ಬಿಟ್ಟದ್ದು. ಹೆಚ್ಚಿನದನ್ನೆಲ್ಲ ಮೂರು ಕಡೆಯಿಂದ ತಂದೆ: ಸೋದರತ್ತೆಯ ಟ್ರಂಕಿನಿಂದ, ಸಂತೆಯ ರಾಶಿಯಿಂದ, ಫೋನಿನಲ್ಲಿ ಹಳೆ ಬಟ್ಟೆ ಮಾರುವವರಿಂದ. ಧಾರವಾಡದಿಂದ ಹುಬ್ಬಳ್ಳಿಗೆ ದಿನಾ ಚಿಗರಿ ಬಸ್ಸಿನಲ್ಲಿ ಓಡಾಡುವ ಕೆಲಸ ನನ್ನದು. ಹಾಗಾಗಿ ತಂದ ಅರಿವಿ ಕಪಾಟಿನಲ್ಲಿ ಕೂಡಲಿಲ್ಲ. ಬೆವರು, ಧೂಳು, ಜಿಟಿಜಿಟಿ ಮಳೆ ಎಲ್ಲ ಕಂಡಿದೆ. ಯಾವುದು ತಾಳಿತು, ಯಾವುದು ಕೈಕೊಟ್ಟಿತು ಎಂದು ಈಗ ಹೇಳಬಲ್ಲೆ.

ಶುರು ಮಾಡಿದ್ದಕ್ಕೆ ಕಾರಣ ಒಂದೇ. ನಮ್ಮದು ಅಣ್ಣಿಗೇರಿ ಕಡೆಯ ಎರೆಹೊಲ. ಹತ್ತಿ ಬಿಡಿಸಿ ಬೆರಳ ತುದಿ ಗೀರಿಸಿಕೊಂಡು ಬೆಳೆದವಳು ನಾನು. ಒಂದು ಟೀ ಶರ್ಟಿನ ಹಿಂದೆ ಸುಮಾರು 2,700 ಲೀಟರ್ ನೀರು ಇರುತ್ತದೆ ಎಂಬ ಲೆಕ್ಕ ಓದಿದ ದಿನ, ಮುಗಿಲು ನೋಡುತ್ತ ಕಟ್ಟೆಯ ಮೇಲೆ ಕೂತಿರುತ್ತಿದ್ದ ಅಪ್ಪನ ಮುಖ ಕಣ್ಣ ಮುಂದೆ ಬಂತು. ನಾಲ್ಕು ಸಲ ತೊಟ್ಟು ಮೂಲೆಗೆ ಒಗೆಯುವ ಅಂಗಿ ಕೊಳ್ಳುವ ಮನಸ್ಸು ಅಲ್ಲಿಗೇ ಹೋಯಿತು.

ಅವ್ವನಿಗೆ ಇದು ಸೇರಲಿಲ್ಲ. "ಮಂದಿ ಉಟ್ಟು ಬಿಟ್ಟಿದ್ದು ನಿನಗ್ಯಾಕ ಬೇಕವಾ? ತೀರಿಕೊಂಡವರದ ಇದ್ದರ ಏನ್ ಮಾಡ್ತಿ?" ಅಂದಳು. "ನಾ ಹುಟ್ಟಿದಾಗ ನನ್ನ ಮೊದಲ ಯಾವ ಅರಿವ್ಯಾಗ ಸುತ್ತಿದ್ದಿ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯಿ ಹಳೆ ಸೀರ್ಯಾಗ. ಹೊಸದು ಕೂಸಿನ ಮೈಗೆ ಚುಚ್ಚತೈತಿ" ಅಂದಳು. ಆಮೇಲೆ ಅವಳು ಬೇಡ ಎನ್ನಲಿಲ್ಲ. ಒಗೆಯದೆ ಮನೆಯೊಳಗೆ ತರಬಾರದು ಎಂದಷ್ಟೇ ತಾಕೀತು ಮಾಡಿದಳು.

ಮೊದಲು ಟ್ರಂಕಿನ ಮಾತು. ಗದಗಿನಲ್ಲಿರುವ ಸೋದರತ್ತೆ ಕೀಲಿ ತಿರುವಿ ಮುಚ್ಚಳ ಎತ್ತಿದಾಗ ಡಾಂಬರ ಗುಳಿಗೆಯ ವಾಸನೆ ಪಡಸಾಲೆ ತುಂಬಿತು. ನಾಲ್ಕು ಇಳಕಲ್ಲ ಸೀರೆ, ಎರಡು ಒಂಬತ್ತು ವಾರಿಯವು. "ನಾ ಈಗ ಕಚ್ಚಿ ಹಾಕೂದಿಲ್ಲ, ಒಯ್ಯಿ" ಅಂದಳು ಅತ್ತೆ. ನನಗೋ ಆರು ವಾರಿ ಸಾಕು. ಉಳಿದ ಮೂರು ವಾರಿಯಲ್ಲಿ ಒಂದು ಕುರ್ತಾ ಆಗುತ್ತದೆ. ಆದರೆ ಕತ್ತರಿಸುವುದು ಎಲ್ಲಿ ಎಂಬುದರಲ್ಲಿ ಎಲ್ಲ ಇದೆ.

ಇಳಕಲ್ಲ ಸೀರೆಯಲ್ಲಿ ಮೈಯ ಹಾಸು, ಅಂದರೆ ಉದ್ದಕ್ಕೆ ಹೋಗುವ ಎಳೆ, ಬೇರೆ; ಸೆರಗಿನ ಹಾಸು ಬೇರೆ. ಮೈಯ ಎಳೆಯ ತುದಿಗೆ ಸೆರಗಿನ ಕೆಂಪು ರೇಷ್ಮೆಯ ಎಳೆಯನ್ನು ಕುಣಿಕೆ ಹಾಕಿ, ಒಂದೊಂದಾಗಿ ಕೂಡಿಸಿ, ಆಮೇಲೆ ಮುಂದಕ್ಕೆ ನೇಯುತ್ತಾರೆ. ಟೋಪ ತೆನಿ ಎಂದು ಕರೆಯುವ ಇಳಕಲ್ಲದ ಸೆರಗು ಹುಟ್ಟುವುದು ಆ ಕೂಡಿಕೆಯಲ್ಲಿ. ಸೀರೆಯನ್ನು ಕಿಟಕಿಗೆ ಹಿಡಿದು ಬೆರಳಾಡಿಸಿದರೆ ಮೈ ಮತ್ತು ಸೆರಗು ಸೇರುವ ಕಡೆ ಅಕ್ಕಿಯ ನುಚ್ಚು ಸಾಲಾಗಿ ಸಿಕ್ಕಂತೆ ಸಣ್ಣ ಉಬ್ಬು ತಾಗುತ್ತದೆ. ಅದರ ಹತ್ತಿರ ಕತ್ತರಿ ಹೋಗಬಾರದು. ಸೊಂಟಕ್ಕೆ ಸಿಕ್ಕಿಸುವ ಒಳತುದಿಯಿಂದ ಮೂರು ವಾರಿ ಅಳೆದು ತೆಗೆಯಬೇಕು. ನಮ್ಮ ಓಣಿಯ ಟೇಲರ್ ಸೆರಗಿನ ಕಡೆಯಿಂದಲೇ ಅಳೆಯಲು ಹೊರಟಿದ್ದರು. ಪಕ್ಕದಲ್ಲಿ ನಿಂತಿದ್ದಕ್ಕೆ ಸೀರೆ ಉಳಿಯಿತು. ನೀವೂ ಪಕ್ಕದಲ್ಲಿ ನಿಂತೇ ಕತ್ತರಿಸಿಕೊಳ್ಳಿ.

ಟ್ರಂಕಿನ ಸೀರೆಗಳ ದೋಷ ಮಡಿಕೆಯಲ್ಲಿರುತ್ತದೆ. ವರ್ಷಗಟ್ಟಲೆ ಒಂದೇ ಗೆರೆಗೆ ಮಡಚಿಟ್ಟರೆ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ. ನಾಲ್ಕರಲ್ಲಿ ಒಂದು ಹಾಗೇ ಹೋಗಿತ್ತು. ಬಿಚ್ಚಿದ ಕೂಡಲೇ ಸೆರಗು ನಾಲ್ಕು ಪಟ್ಟಿಯಾಯಿತು. ಅತ್ತೆ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಬಹಳ ಹೊತ್ತು ಸವರುತ್ತ ಕೂತಳು. ಹಳೆ ರೇಷ್ಮೆ ಕೈಗೆ ಬಂದವರು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಹಳೆ ಹತ್ತಿ ಪಂಜೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಗುಳಿಗೆ ಹಾಕಿದರೂ ಅದು ಜರಿಗೆ ತಾಗದಂತೆ ಚಿಂದಿಯಲ್ಲಿ ಕಟ್ಟಿ ಹಾಕಿ.

ಅದೇ ಟ್ರಂಕಿನಲ್ಲಿ ಎರಡು ಜಂಪರು ಸಿಕ್ಕವು. ಒಳಮಗ್ಗಲು ತಿರುವಿದರೆ ಬಗಲಿನ ಹೊಲಿಗೆಯಲ್ಲಿ ಎರಡು ಬೆರಳು ಅರಿವಿ ಬಿಟ್ಟಿದ್ದಾರೆ, ಅದರ ಮೇಲೆ ಮೂರು ಸಾಲು ಹೊಲಿಗೆ. ಮೈ ಬಂದಾಗ ಒಂದು ಸಾಲು ಬಿಚ್ಚು, ಇಳಿದಾಗ ಮತ್ತೆ ಹಾಕು. ಹೊಲಿದವರು ಆ ಜಂಪರು ಇಪ್ಪತ್ತು ವರ್ಷ ಬಾಳಲಿ ಎಂದೇ ಹೊಲಿದಿದ್ದಾರೆ. ಅಲ್ಲಿಂದ ಮುಂದೆ ನಾನು ಯಾವ ಹಳೆ ಅರಿವಿ ಮುಟ್ಟಿದರೂ ಮೊದಲು ನೋಡುವುದು ಒಳಮಗ್ಗಲು. ಹೊರಗಿನ ಬಣ್ಣ ಯಾರನ್ನೂ ಮರುಳು ಮಾಡೀತು. ಒಳಗೆ ಬಿಟ್ಟ ಅರಿವಿ ಇದ್ದರೆ ಆ ಬಟ್ಟೆ ನಿಮ್ಮದಾಗುತ್ತದೆ, ಇಲ್ಲದಿದ್ದರೆ ಅದು ಕೊನೆತನಕ ಮೊದಲಿನವರ ಅಳತೆಯದೇ.

ಸಂತೆಯ ರಾಶಿಗೆ ಬಂದರೆ ಈ ಮಾತು ಇನ್ನೂ ಗಟ್ಟಿಯಾಗುತ್ತದೆ. ತಾಡಪಾಲು ಹಾಸಿ ಅಂಗಿ, ಪ್ಯಾಂಟು, ಸ್ವೆಟರು ಸುರಿದಿರುತ್ತಾರೆ. ಐವತ್ತರಿಂದ ನೂರೈವತ್ತರೊಳಗೆ ಬೆಲೆ. ಬೆಳಿಗ್ಗೆ ಬೇಗ ಹೋಗಬೇಕು, ಬಿಸಿಲಿಗೆ ನಿಂತು ನೋಡಬೇಕು. ಕಾಲರಿನ ಮಡಿಕೆ, ಕಂಕುಳು, ಪ್ಯಾಂಟಾದರೆ ತೊಡೆಸಂದಿ, ಜಿಪ್ಪು. ಅರಿವಿಯನ್ನು ಸೂರ್ಯನಿಗೆ ಅಡ್ಡ ಹಿಡಿದರೆ ಸವೆದ ಜಾಗ ಜರಡಿಯಂತೆ ಕಾಣುತ್ತದೆ. ಅರಿಷಿಣದ ಕಲೆಗೆ ಹೆದರಬೇಡಿ, ಸಾಬೂನು ಹಚ್ಚಿ ನಾಲ್ಕು ದಿನ ಬಿಸಿಲಿಗೆ ಹಾಕಿದರೆ ತಾನಾಗಿ ಬಿಳಚಿಕೊಳ್ಳುತ್ತದೆ. ಕಂಕುಳ ಬೆವರಿನ ಹಳದಿ, ಜಂಗಿನ ಕಲೆ, ಎಲೆಅಡಿಕೆಯ ಕಲೆ ನನ್ನ ಕೈಯಲ್ಲಿ ಹೋಗಲಿಲ್ಲ. ಮುಗ್ಗಲು ವಾಸನೆ ಮೂರು ಸಲ ಒಗೆದರೂ ಉಳಿದ ಒಂದು ಸ್ವೆಟರನ್ನು ಕೊನೆಗೆ ಬಿಟ್ಟೇ ಬಿಟ್ಟೆ.

"ಅಕ್ಕಾರ, ಹಂಗ ತಿರುವಿ ತಿರುವಿ ನೋಡಬ್ಯಾಡ್ರಿ, ಎಲ್ಲಾ ಚಲೋನ ಐತ್ರಿ" ಎನ್ನುತ್ತಿದ್ದ ಹುಡುಗ ಎರಡನೇ ತಿಂಗಳಿಗೆ ಒಳ್ಳೆ ಹತ್ತಿಯ ಅಂಗಿ ಬಂದರೆ ನನಗಾಗಿ ತೆಗೆದಿಡತೊಡಗಿದ. ಗಂಡಸರ ದೊಡ್ಡ ಅಳತೆಯ ದಪ್ಪ ಹತ್ತಿ ಅಂಗಿಗಳೇ ಅಲ್ಲಿಯ ಬಂಗಾರ. ಒಂದು ಅಂಗಿ ಬಿಚ್ಚಿದರೆ ನನಗೊಂದು ಮೇಲಂಗಿ ಆಗುತ್ತದೆ. ಕಂಪನಿ ಹೆಸರಿನ ಪಟ್ಟಿ ಕತ್ತರಿಸಿದ ಅಂಗಿಗಳೂ ಅದೇ ರಾಶಿಯಲ್ಲಿ ಇರುತ್ತವೆ. ಅವು ಹೆಚ್ಚಾಗಿ ಕಾರ್ಖಾನೆಯಲ್ಲಿ ಉಳಿದ ಅಥವಾ ತಳ್ಳಿಹಾಕಿದ ಮಾಲು, ಯಾರೂ ತೊಟ್ಟದ್ದಲ್ಲ. ಕೊಂಡರೆ ತಪ್ಪಿಲ್ಲ, ಆದರೆ ಎಲ್ಲಿ ದೋಷವಿದೆ ಎಂದು ಹುಡುಕಿಯೇ ಕೊಳ್ಳಿ.

ಹತ್ತಿಯೋ ಪಾಲಿಯೆಸ್ಟರೋ ತಿಳಿಯದಿದ್ದರೆ, ಕೊಂಡ ಮೇಲೆ ಹೊಲಿಗೆಯೊಳಗಿನ ಒಂದು ಎಳೆ ತೆಗೆದು ಮನೆಯಲ್ಲಿ ಸುಟ್ಟು ನೋಡುತ್ತೇನೆ. ಹತ್ತಿ ಕಾಗದ ಸುಟ್ಟ ವಾಸನೆ ಬಿಟ್ಟು ಮೆತ್ತಗಿನ ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟಂತೆ ನಾರುತ್ತದೆ, ಉಳಿದ ಕರಿ ಗುಳಿಗೆ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗಿ ಕೂಡುತ್ತದೆ, ಪುಡಿಯಾಗುವುದಿಲ್ಲ. ಸಂತೆಯಿಂದ ಹನ್ನೊಂದು ಅರಿವಿಗೆ 1,040 ರೂಪಾಯಿ ಕೊಟ್ಟೆ, ಹೊಲಿಗೆ ಬಿಚ್ಚಿ ಹಾಕಿದ್ದಕ್ಕೆ ಇನ್ನೊಂದು 900. ಏಳು ಈಗಲೂ ಮೈಮೇಲಿವೆ. ಕೆಲಸಕ್ಕೆ ಹೋಗುವವರಿಗೆ, ದಿನಬಳಕೆಗೆ, ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣಲಿಲ್ಲ. ಟೇಲರ್ ಖರ್ಚು ಲೆಕ್ಕಕ್ಕೆ ಹಿಡಿಯದವರಿಗೆ ಮಾತ್ರ ಇದು ಮೋಸ ಅನ್ನಿಸೀತು.

ಫೋನಿನ ದಾರಿ ನನ್ನನ್ನು ನೋಯಿಸಿತು. ಐದು ಸಲ ಕೊಂಡೆ. ಒಂದು ಉಣ್ಣೆಯ ಕೋಟು, ಒಂದು ಲಿನನ್ ಅಂಗಿ ನಿಜಕ್ಕೂ ಚೆನ್ನಾಗಿದ್ದವು. ಅಂಥವು ಸಂತೆಯಲ್ಲಿ ಸಿಗುವುದಿಲ್ಲ. ಎರಡು ಅಳತೆಗೆ ಕೂಡಲಿಲ್ಲ. ಐದನೆಯದು ಕರಿಯ ಚಂದ್ರಕಾಳಿ ಸೀರೆ, "ಕೈಯಲ್ಲಿ ಹಾಕಿದ ಕಸೂತಿ" ಎಂದು ಬರೆದಿದ್ದರು, ಚಿತ್ರದಲ್ಲಿ ಗೋಪುರ, ತೇರು, ತುಳಸಿಕಟ್ಟೆ ಎಲ್ಲ ಇದ್ದವು. ಧಾರವಾಡದವಳಾಗಿ ಅದಕ್ಕೆ ಮನಸೋತೆ. ಪೊಟ್ಟಣ ಬಿಚ್ಚಿ ತಿರುವಿದೆ. ಹಿಂದೆ ಬಿಳಿ ದಾರ ಗೋಜಲು ಗೋಜಲಾಗಿ ಒಂದು ಗೋಪುರದಿಂದ ಇನ್ನೊಂದಕ್ಕೆ ಹಾರಿತ್ತು, ಅದರ ಮೇಲೆ ತೆಳು ಕಾಗದದಂಥದ್ದು ಅಂಟಿತ್ತು. ಯಂತ್ರದ ಕೆಲಸ.

ಕಸೂತಿ ಬಲ್ಲವರ ಮನೆಯಲ್ಲಿ ಬೆಳೆದವರಿಗೆ ಇದು ಗೊತ್ತೇ ಇರುತ್ತದೆ. ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ಗವಂತಿಯೂ ಮುರಗಿಯೂ ಎರಡೂ ಮಗ್ಗಲು ಒಂದೇ ಥರ ಕಾಣಬೇಕು. ಸೂಜಿ ಹೋದ ದಾರಿಯಲ್ಲೇ ಮರಳಿ ಬಂದು ಬಿಟ್ಟ ಜಾಗ ತುಂಬುತ್ತದೆ, ಗಂಟು ಎಲ್ಲೂ ಇರುವುದಿಲ್ಲ. ಗವಂತಿ ನೇರ ಗೆರೆ, ಮುರಗಿ ಮೆಟ್ಟಿಲಿನಂತೆ ಹತ್ತಿಳಿಯುತ್ತದೆ. ನೇಗಿ ನೇಯ್ಗೆಯಂತೆ ಉದ್ದುದ್ದ ಎಳೆ, ಮೆಂತಿ ಗುಣಿಸು ಚಿಹ್ನೆಯಂಥ ಹೊಲಿಗೆ; ಇವೆರಡರಲ್ಲಿ ಹಿಂದುಮುಂದು ಬೇರೆ ಕಾಣುತ್ತದೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ ಹಾಸುಹೊಕ್ಕಿನ ಎಳೆ ಎಣಿಸಿಯೇ ಹಾಕುತ್ತಾರೆ. ಅಷ್ಟು ಎಣಿಸಿದ ಕಣ್ಣುಗಳಿಗೆ ಸಲ್ಲಬೇಕಾದ ಬೆಲೆಯನ್ನು ಯಂತ್ರದ ಸೀರೆಗೆ ಕೇಳಿದ್ದು ನನಗೆ ಈಗಲೂ ಸಂಕಟ. ಮಾರಿದವರು ಹಣ ತಿರುಗಿ ಕೊಡಲಿಲ್ಲ, ಆಮೇಲೆ ಉತ್ತರವನ್ನೂ ಕೊಡಲಿಲ್ಲ.

ಅಂದಮೇಲೆ ಫೋನು ಬೇಡವೇ? ಸಂತೆಯಲ್ಲಿ ಅಳತೆ ಸಿಗದ ಮೈಕಟ್ಟಿನವರಿಗೆ, ರಾಶಿ ಕೆದರಲು ಹೊತ್ತಿಲ್ಲದವರಿಗೆ ಬೇಕಾದೀತು. ಹಣ ಕಳಿಸುವ ಮೊದಲು ಒಳಮಗ್ಗಲಿನ ಚಿತ್ರ ಕೇಳಿ. ಅಂಗಿಯನ್ನು ನೆಲದ ಮೇಲೆ ಹಾಸಿ ಕಂಕುಳಿಂದ ಕಂಕುಳಿಗೆ ಎಷ್ಟು ಇಂಚು ಎಂದು ಅಳೆಸಿ, ನಿಮಗೆ ಸರಿಹೋಗುವ ಒಂದು ಅಂಗಿಯ ಅಳತೆಗೆ ಹೋಲಿಸಿ. ಒಳಮಗ್ಗಲು ತೋರಿಸದವರಿಂದ ನಾನು ಇನ್ನು ಕೊಳ್ಳುವುದಿಲ್ಲ.

ಬಾಂಡೆ ಕೊಟ್ಟು ಹಳೆ ಅರಿವಿ ಒಯ್ಯುವ ಅಕ್ಕನ ಹತ್ತಿರವೂ ಒಮ್ಮೆ ಕೇಳಿದೆ. ತಲೆಯ ಮೇಲಿನ ಗಂಟು ಇಳಿಸಿ, ನನ್ನೆದುರಿಗೇ ಬಿಚ್ಚಿ, ಒಂದು ಹತ್ತಿ ಸೀರೆ ಎಂಬತ್ತು ರೂಪಾಯಿಗೆ ಕೊಟ್ಟಳು. ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ.

ಎಲ್ಲಿಂದ ತಂದರೂ ಒಗೆಯುವುದು ಒಂದೇ ರೀತಿ. ಬಿಗಿಯಾಗಿ ಚೀಲದಲ್ಲಿ ಕಟ್ಟಿ ವಾರ ಹೊರಗಿಡುತ್ತೇನೆ. ಕಜ್ಜಿಯ ಹುಳ ಮನುಷ್ಯರ ಮೈ ಬಿಟ್ಟು ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಆಮೇಲೆ ಹತ್ತಿಯಾದರೆ ಕುದಿನೀರು, ರೇಷ್ಮೆಯಾದರೆ ತಣ್ಣೀರಿನಲ್ಲಿ ಅಂಟವಾಳದ ನೊರೆ. ಇಳಕಲ್ಲದ ಕೆಂಪು ಬಣ್ಣ ಬಿಡುತ್ತದೆಯೋ ಎಂದು ಒದ್ದೆ ಬಿಳಿ ಕರವಸ್ತ್ರವನ್ನು ಮೂಲೆಗೆ ಒತ್ತಿ ನೋಡಿಯೇ ನೀರಿಗೆ ಹಾಕುವುದು.

ಈಗ ಆ ಒಂದು ಹೊಸ ಸೀರೆಯ ವಿಷಯ. ಹಳೆಯದನ್ನೇ ಉಟ್ಟರೆ ನೇಕಾರರ ಗತಿ ಏನು ಎಂದು ಅತ್ತೆ ಕೇಳಿದಳು. ಗದಗ-ಬೆಟಗೇರಿಯಲ್ಲಿ ಮಗ್ಗದ ಸದ್ದು ಕೇಳಿಯೇ ಬದುಕಿದವಳು. ನನಗೆ ಉತ್ತರ ಹೊಳೆಯಲಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜಕ್ಕೆ ಖಾದಿ ಹೊಲಿಯುವ ಕೈಗಳಿವೆ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದಿ ಯಂತ್ರದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಕೊಟ್ಟ ಮೇಲೆ ಆ ಕೈಗಳು ಏನು ಅನುಭವಿಸಿದವೆಂದು ಈ ಊರಿನ ನಮಗೆಲ್ಲ ಗೊತ್ತು. ನನ್ನ ಸಂತೆಯ ಅಂಗಿಯಿಂದ ಅವರಿಗೆ ಒಂದು ಪೈಸೆಯೂ ಮುಟ್ಟುವುದಿಲ್ಲ.

ಅದಕ್ಕೆ ಗಜೇಂದ್ರಗಡದ ಪಟ್ಟೇದ ಅಂಚು ಒಂದು ಕೊಂಡೆ. ದಪ್ಪ ಹತ್ತಿ, ಚೌಕಳಿ ಮೈ, ಅಗಲ ಅಂಚು. ಹೊಲದಲ್ಲಿ ದುಡಿಯುವ ಹೆಂಗಸರು ಉಡುತ್ತಿದ್ದ, ಸವದತ್ತಿ ಎಲ್ಲಮ್ಮನಿಗೆ ಒಪ್ಪಿಸುವ ಸೀರೆ ಅದು. ಎರಡೂ ಮಗ್ಗಲು ಒಂದೇ. ಒಂದು ಮಗ್ಗಲು ಮಾಸಿದರೆ ಇನ್ನೊಂದು ಮಗ್ಗಲು ಉಡಬಹುದು. ಮೊದಲ ನಾಲ್ಕು ಒಗೆತದವರೆಗೆ ಬಿರುಸು, ಆಮೇಲೆ ಮೈಗೆ ಹತ್ತಿತು. ಬೆಲೆಯಲ್ಲಿ ಇದು ಸಂತೆಯ ಇಪ್ಪತ್ತು ಅಂಗಿಗೆ ಸಮ. ನನ್ನ ಲೆಕ್ಕ ಈಗ ಹೀಗೆ: ದಿನಬಳಕೆಗೆ ಸಂತೆ, ಹಬ್ಬಹರಿದಿನಕ್ಕೆ ಟ್ರಂಕು, ವರ್ಷಕ್ಕೊಂದು ಮಗ್ಗದಿಂದ ಹೊಸದು. ಫೋನು ಅಗತ್ಯ ಬಿದ್ದರೆ ಮಾತ್ರ.

ಸೀಳಿದ ಇಳಕಲ್ಲ ಸೀರೆಯ ಮೈ ಇನ್ನೂ ಗಟ್ಟಿಯಿತ್ತು. ಅದನ್ನೂ ಬಿಟ್ಟುಹೋದ ಸಂತೆಯ ಅಂಗಿಗಳನ್ನೂ ಕಸೂತಿಯೆಂದು ಬಂದ ಆ ಕರಿ ಸೀರೆಯನ್ನೂ ಕೌದಿ ಹೊಲಿಯುವ ಅಜ್ಜಿಯ ಹತ್ತಿರ ಒಯ್ದೆ. ಕರಿಯದನ್ನು ಕೈಯಲ್ಲಿ ತಿಕ್ಕಿ ನೋಡಿ, "ಇದು ಬ್ಯಾಡವಾ, ಸೂಜಿ ಇಳಿಯೂದಿಲ್ಲ, ಚಳಿಗೂ ಆಗೂದಿಲ್ಲ" ಎಂದು ಪಕ್ಕಕ್ಕಿಟ್ಟಳು. ಉಳಿದದ್ದನ್ನು ಹಾಸಿ ಗೇಣು ಹಾಕಿ ಅಳೆದಳು. ಒಳಪದರಕ್ಕೆ ಇನ್ನೂ ಎರಡು ಹತ್ತಿ ಸೀರೆ ಬೇಕಂತೆ. ಅತ್ತೆಗೆ ಫೋನು ಮಾಡಿದ್ದೇನೆ; ಅಟ್ಟದ ಮೇಲೆ ಇನ್ನೊಂದು ಟ್ರಂಕು ಇದೆಯಂತೆ.