ಒಂದು ವಿಶ್ವವಿದ್ಯಾಲಯದ ವೇಟಿಂಗ್ ಲಿಸ್ಟ್: ಸೇವೆಯಾಗಿ ಅದು ಹೇಗಿದೆ?

ಅಮೆರಿಕದ ಖಾಸಗಿ ವಿಶ್ವವಿದ್ಯಾಲಯವೊಂದು, ಪದವಿ ತರಗತಿಗೆ ಅರ್ಜಿ ಹಾಕಿದ್ದ ನನ್ನ ಅಕ್ಕನ ಮಗಳನ್ನು ಮಾರ್ಚ್ ಕೊನೆಯಲ್ಲಿ ವೇಟಿಂಗ್ ಲಿಸ್ಟಿನಲ್ಲಿ ಇರಿಸಿತು. ಅರ್ಜಿ ಹಾಕಿದವರಲ್ಲಿ ಬಹಳ ಕಡಿಮೆ ಜನರಿಗೆ ಮಾತ್ರ ಸೀಟು ಕೊಡುವ ಸಂಸ್ಥೆ ಅದು. ಜೂನ್ ಕೊನೆಯಲ್ಲಿ ಪಟ್ಟಿ ಮುಚ್ಚುವವರೆಗೆ ಅಲ್ಲಿಂದ ಬಂದ ಪತ್ರಗಳನ್ನೆಲ್ಲ ನಾನು ಅವಳ ಜೊತೆ ಕುಳಿತು ಓದಿದ್ದೇನೆ. ಅಲ್ಲಿನ ಬೋಧನೆಯಾಗಲಿ ಹೆಸರಾಗಲಿ ಈ ವಿಮರ್ಶೆಯ ವಿಷಯವಲ್ಲ. ಅರ್ಜಿ ಶುಲ್ಕ ಪಡೆದ ಸಂಸ್ಥೆಯೊಂದು ಅರ್ಜಿದಾರರನ್ನು ಕಾಯಿಸುವಾಗ ಎಂತಹ ಸೇವೆ ಕೊಟ್ಟಿತು ಎಂಬುದಷ್ಟನ್ನೇ ಇಲ್ಲಿ ನೋಡಿದ್ದೇನೆ. ಅವಳಿಗೆ ಅಲ್ಲಿ ಸೀಟು ಸಿಗಲಿಲ್ಲ. ಆದರೂ ಇಂತಹ ಪಟ್ಟಿಯನ್ನು ಅಳೆಯಬೇಕಾದದ್ದು ಸೀಟು ಸಿಕ್ಕಿತೇ ಎಂಬುದರಿಂದಲ್ಲ, ಕಾಯುವವರು ತಮ್ಮ ನಿರ್ಧಾರವನ್ನು ತಾವೇ ತೆಗೆದುಕೊಳ್ಳಲು ಬೇಕಾದ ಮಾಹಿತಿ ಸಕಾಲಕ್ಕೆ ದೊರೆಯಿತೇ ಎಂಬುದರಿಂದ ಎಂದು ನಾನು ನಂಬಿದ್ದೇನೆ.

ಮೊದಲ ಪತ್ರ ಚೆನ್ನಾಗಿತ್ತು. ಸದ್ಯಕ್ಕೆ ಪ್ರವೇಶ ಕೊಡಲಾಗುತ್ತಿಲ್ಲ, ಮುಂದೆ ಸೀಟು ಉಳಿದರೆ ಪರಿಗಣಿಸುತ್ತೇವೆ ಎಂದು ಸುತ್ತುಬಳಸದೆ ಹೇಳಿತ್ತು. ಪಟ್ಟಿಯಲ್ಲಿ ಉಳಿಯಲು ಇಷ್ಟವಿದ್ದರೆ ಪೋರ್ಟಲ್‌ನಲ್ಲಿ ಒಪ್ಪಿಗೆ ಸೂಚಿಸಬೇಕಿತ್ತು, ಸೂಚಿಸದಿದ್ದರೆ ಹೆಸರು ತಾನಾಗಿಯೇ ಬಿಟ್ಟುಹೋಗುತ್ತಿತ್ತು. ಇದಕ್ಕೆ ಬೇರೆ ಶುಲ್ಕವೇನೂ ಇರಲಿಲ್ಲ. ಆ ಪತ್ರದಲ್ಲಿ ಎಲ್ಲಕ್ಕಿಂತ ಉಪಯುಕ್ತವಾಗಿದ್ದುದು, ಮೇ 1ರೊಳಗೆ ಬೇರೊಂದು ಕಾಲೇಜಿನ ಸೀಟನ್ನು ಒಪ್ಪಿಕೊಂಡು ಅಲ್ಲಿ ಠೇವಣಿ ಕಟ್ಟಿಬಿಡಿ ಎಂಬ ನೇರವಾದ ಸಲಹೆ. ಪ್ರವೇಶ ದೊರೆತ ವಿದ್ಯಾರ್ಥಿಗಳು ತಾವು ಎಲ್ಲಿಗೆ ಸೇರುತ್ತೇವೆ ಎಂದು ತಿಳಿಸಲು ಅಮೆರಿಕದ ಬಹುಪಾಲು ಕಾಲೇಜುಗಳು ಇಟ್ಟುಕೊಂಡಿರುವ ಗಡುವು ಅದು. ಒಂದು ಕಾಲೇಜಿನಲ್ಲಿ ಠೇವಣಿ ಕಟ್ಟಿ ಇನ್ನೊಂದರ ವೇಟಿಂಗ್ ಲಿಸ್ಟಿನಲ್ಲಿ ಇರುವುದು ಅಲ್ಲಿ ಒಪ್ಪಿತವಾದ ಕ್ರಮವೇ ಆಗಿದ್ದರೂ, ಅದು ಮೋಸವಾದೀತೇನೋ ಎಂದು ಹೆದರುವ ಮಕ್ಕಳಿದ್ದಾರೆ. ಸಂಸ್ಥೆಯೇ ಮುಂದಾಗಿ ಆ ಹೆದರಿಕೆಯನ್ನು ಹೋಗಲಾಡಿಸಿದ್ದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಪಟ್ಟಿ ನಡೆಯುವ ಬಗೆಯನ್ನು ಮಾತ್ರ ಆ ಪತ್ರ ವಿವರಿಸಲಿಲ್ಲ, ತೊಡಕು ಶುರುವಾಗುವುದೂ ಅಲ್ಲಿಂದಲೇ. ರೈಲಿನ ವೇಟಿಂಗ್ ಲಿಸ್ಟಿನಲ್ಲಿ ನಮಗೊಂದು ಸಂಖ್ಯೆ ಇರುತ್ತದೆ, ಮುಂದಿನವರು ಟಿಕೆಟ್ ರದ್ದುಮಾಡಿದಂತೆಲ್ಲ ಆ ಸಂಖ್ಯೆ ಇಳಿಯುತ್ತದೆ. ಇಂತಹ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಕ್ರಮಸಂಖ್ಯೆಯೇ ಇರುವುದಿಲ್ಲ. ಪ್ರವೇಶ ಪಡೆದವರೆಲ್ಲರೂ ಬಂದು ಸೇರುವುದಿಲ್ಲವೆಂಬುದು ಪ್ರವೇಶ ಕಚೇರಿಗೆ ಗೊತ್ತಿರುವುದರಿಂದ ಅದು ಸೀಟುಗಳಿಗಿಂತ ಹೆಚ್ಚು ಜನರಿಗೆ ಪ್ರವೇಶ ಕೊಡುತ್ತದೆ. ಉದಾಹರಣೆಗೆ, ಸಾವಿರ ಸೀಟುಗಳಿದ್ದು ಅರ್ಧದಷ್ಟು ಜನ ಸೇರುತ್ತಾರೆಂಬ ಅಂದಾಜಿದ್ದರೆ ಎರಡು ಸಾವಿರ ಮಂದಿಗೆ ಪ್ರವೇಶಪತ್ರ ಹೋಗಬೇಕು. ಅಂದಾಜಿಗಿಂತ ಸ್ವಲ್ಪ ಹೆಚ್ಚು ಜನ ಸೇರಿದರೆ ಹಾಸ್ಟೆಲ್ ಕೊಠಡಿಗಳು ಸಾಲದಾಗುತ್ತವೆ, ಕಡಿಮೆ ಜನ ಸೇರಿದರೆ ಶುಲ್ಕದ ಆದಾಯ ಕುಸಿಯುತ್ತದೆ. ಆದ್ದರಿಂದ ಮೊದಲ ಸುತ್ತಿನಲ್ಲಿ ಕೈ ಬಿಗಿಹಿಡಿದು, ಮೇ 1ರ ನಂತರ ಎಷ್ಟು ಕೊರತೆ ಬಿತ್ತು ಎಂದು ನೋಡಿಕೊಂಡು, ಆ ಕೊರತೆಯನ್ನು ಈ ಪಟ್ಟಿಯಿಂದ ತುಂಬಿಕೊಳ್ಳುತ್ತಾರೆ. ಎಂಜಿನಿಯರಿಂಗ್‌ಗೆ ಸೇರುವವರು ಕಡಿಮೆಯಾದರೆ ಎಂಜಿನಿಯರಿಂಗ್ ಬಯಸಿದವರನ್ನು ಕರೆಯಬಹುದು, ಯಾವುದೋ ಪ್ರದೇಶದವರೋ ವಾದ್ಯ ನುಡಿಸುವವರೋ ಬೇಕೆನಿಸಿದರೆ ಅಂಥವರನ್ನು ಕರೆಯಬಹುದು. ಕರೆ ಬಾರದ ಮಗುವಿನಲ್ಲಿ ಏನೋ ಕೊರತೆಯಿತ್ತು ಎಂದು ಇದರಿಂದ ತಿಳಿಯಬೇಕಾಗಿಲ್ಲ. ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದಿದ್ದರೆ, ಹದಿನೇಳು ಹದಿನೆಂಟು ವಯಸ್ಸಿನ ಎಷ್ಟೋ ಮಕ್ಕಳು ತಮ್ಮ ಅಂಕಪಟ್ಟಿಯನ್ನು ಹಿಡಿದು ಎಲ್ಲಿ ತಪ್ಪಾಯಿತು ಎಂದು ಹುಡುಕುತ್ತಾ ಕೊರಗುವುದು ತಪ್ಪುತ್ತಿತ್ತು.

ಅಂಕಿಅಂಶದ ವಿಷಯದಲ್ಲಿ ನನ್ನ ಅಸಮಾಧಾನ ಇನ್ನೂ ಹೆಚ್ಚು. ಅಮೆರಿಕದ ಬಹಳಷ್ಟು ಕಾಲೇಜುಗಳು ಕಾಮನ್ ಡೇಟಾ ಸೆಟ್ ಎಂಬ ಒಂದೇ ಮಾದರಿಯ ಪ್ರಶ್ನಾವಳಿಯನ್ನು ಪ್ರತಿವರ್ಷ ತುಂಬಿ ಪ್ರಕಟಿಸುತ್ತವೆ. ಅದರ ಸಿ2 ಎಂಬ ಭಾಗದಲ್ಲಿ, ಎಷ್ಟು ಮಂದಿಗೆ ವೇಟಿಂಗ್ ಲಿಸ್ಟಿನಲ್ಲಿ ಸ್ಥಾನ ಕೊಡಲಾಯಿತು, ಅವರಲ್ಲಿ ಎಷ್ಟು ಮಂದಿ ಒಪ್ಪಿಕೊಂಡರು, ಕೊನೆಗೆ ಎಷ್ಟು ಮಂದಿಗೆ ಪ್ರವೇಶ ಸಿಕ್ಕಿತು, ಪಟ್ಟಿಗೆ ಕ್ರಮಾಂಕ ಇದೆಯೇ ಎಂಬ ಪ್ರಶ್ನೆಗಳಿವೆ. ಕಾಯುವವರಿಗೆ ಇದಕ್ಕಿಂತ ಬೇಕಾದ ಮಾಹಿತಿ ಬೇರೆ ಇಲ್ಲ. ನಾನು ಹೇಳುತ್ತಿರುವ ವಿಶ್ವವಿದ್ಯಾಲಯವೂ ಆ ಉತ್ತರಗಳನ್ನು ಪ್ರಕಟಿಸಿದೆ, ಆದರೆ ಪ್ರವೇಶ ವಿಭಾಗದ ಪುಟಗಳಿಂದ ಬಹುದೂರದಲ್ಲಿ, ಕಾಮನ್ ಡೇಟಾ ಸೆಟ್ ಎಂಬ ಹೆಸರು ಮೊದಲೇ ಗೊತ್ತಿರುವವರಿಗೆ ಮಾತ್ರ ಸಿಗುವಂತೆ ಇಟ್ಟಿದೆ. ಪತ್ರದಲ್ಲಿದ್ದುದು ‘ಸಂಖ್ಯೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ’ ಎಂಬ ವಾಕ್ಯ ಮಾತ್ರ. ಬದಲಾಗುವುದು ನಿಜ. 2020ರಲ್ಲಿ ಕೋವಿಡ್‌ನಿಂದಾಗಿ ಯಾರು ಸೇರುತ್ತಾರೆಂಬ ಲೆಕ್ಕವೇ ತಲೆಕೆಳಗಾಗಿ ಅನೇಕ ಕಾಲೇಜುಗಳು ವೇಟಿಂಗ್ ಲಿಸ್ಟನ್ನು ಹೆಚ್ಚಾಗಿ ನೆಚ್ಚಿಕೊಂಡವು. 2024ರಲ್ಲಿ ಸರ್ಕಾರಿ ಆರ್ಥಿಕ ನೆರವಿನ ಅರ್ಜಿಯಾದ ಫಾಫ್ಸಾ ತಡವಾದ್ದರಿಂದ ಹಲವು ಕಾಲೇಜುಗಳು ಮೇ 1ರ ಗಡುವನ್ನೇ ಮುಂದೂಡಿದವು. ಹೀಗೆ ಬದಲಾಗುವ ಸಂಖ್ಯೆಯಾದ್ದರಿಂದಲೇ ಹಿಂದಿನ ಕೆಲವು ವರ್ಷಗಳ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ತೋರಿಸಬೇಕು. ಒಂದು ವರ್ಷ ಕೆಲವೇ ಮಂದಿ, ಇನ್ನೊಂದು ವರ್ಷ ಯಾರೂ ಇಲ್ಲ ಎಂದು ಕಂಡರೆ ಮಗುವೂ ಮನೆಯವರೂ ತಮ್ಮ ಆಸೆಗೆ ಒಂದು ಅಳತೆ ಇಟ್ಟುಕೊಳ್ಳುತ್ತಾರೆ.

ಪಟ್ಟಿಯಲ್ಲಿ ಉಳಿದವರು ತಮ್ಮ ಆಸಕ್ತಿ ಇನ್ನೂ ಇದೆಯೆಂದು ತಿಳಿಸಿ ಒಂದು ಪುಟದ ಪತ್ರ ಬರೆಯಬಹುದಿತ್ತು. ಹೆಚ್ಚುವರಿ ಶಿಫಾರಸು ಪತ್ರಗಳು ಬೇಡ, ಫೋನ್ ಮಾಡುವುದೂ ಬೇಡ ಎಂದು ಸ್ಪಷ್ಟವಾಗಿ ಹೇಳಿದ್ದರು. ಪ್ರಭಾವಿಗಳ ಪರಿಚಯ ಇರುವವರಿಗೂ ಇಲ್ಲದವರಿಗೂ ಒಂದೇ ನಿಯಮ ಇದ್ದದ್ದು ನ್ಯಾಯವಾಗಿತ್ತು.

ಅತ್ಯಂತ ದುರ್ಬಲವಾಗಿದ್ದುದು ಹಣ ಮತ್ತು ವೀಸಾಗಳ ಭಾಗ. ಮೊದಲ ಸುತ್ತಿನಲ್ಲಿ ಅರ್ಜಿದಾರರ ಆರ್ಥಿಕ ಸ್ಥಿತಿಯನ್ನು ನೋಡದೆ ಪ್ರವೇಶ ಕೊಡುವ ಕಾಲೇಜುಗಳಲ್ಲಿ ಕೆಲವು, ವೇಟಿಂಗ್ ಲಿಸ್ಟಿನಿಂದ ಕರೆಯುವಾಗ ಯಾರಿಗೆ ನೆರವು ಬೇಕು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ನೆರವಿನ ಹಣ ಆ ಹೊತ್ತಿಗೆ ಬಹುಪಾಲು ಹಂಚಿಹೋಗಿರಬಹುದು. ತಮ್ಮಲ್ಲಿ ಯಾವ ಪದ್ಧತಿ ಇದೆ ಎಂದು ಈ ಸಂಸ್ಥೆ ಎಲ್ಲಿಯೂ ತಿಳಿಸಿರಲಿಲ್ಲ, ಕೇಳಿ ಕಳಿಸಿದ ಇಮೇಲಿಗೆ ಬಂದ ಉತ್ತರದಲ್ಲೂ ಅದು ಇರಲಿಲ್ಲ. ಪೂರ್ತಿ ಶುಲ್ಕ ಕಟ್ಟಲಾಗದ ಕುಟುಂಬಕ್ಕೆ ಬಹುಶಃ ಇಡೀ ಪ್ರಶ್ನೆಗೆ ಉತ್ತರ ಅಲ್ಲಿಯೇ ಇರುವುದರಿಂದ ಈ ಮೌನವನ್ನು ನಾನು ಸಣ್ಣ ಲೋಪವೆಂದು ಎಣಿಸಲಾರೆ. ಹೊರದೇಶದ ವಿದ್ಯಾರ್ಥಿಗಳಿಗಂತೂ ಜೂನ್‌ನಲ್ಲಿ ಕರೆ ಬಂದರೆ ಅಲ್ಲಿಂದ ಹಣದ ದಾಖಲೆ ತೋರಿಸಿ ಐ-20 ಎಂಬ, ವೀಸಾಕ್ಕೆ ಬೇಕಾದ ಪ್ರಮಾಣಪತ್ರ ಪಡೆಯಬೇಕು, ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಸರ್ಕಾರಿ ವ್ಯವಸ್ಥೆಯಾದ ಸೆವಿಸ್‌ನ ಶುಲ್ಕವೆಂದು 350 ಡಾಲರ್ ಕಟ್ಟಬೇಕು, ಡಿಎಸ್-160 ಎಂಬ ವೀಸಾ ಅರ್ಜಿ ತುಂಬಿ ಎಫ್-1 ಎಂಬ ವಿದ್ಯಾರ್ಥಿ ವೀಸಾದ ಸಂದರ್ಶನಕ್ಕೆ ದಿನ ಹುಡುಕಬೇಕು, ಇವೆಲ್ಲವೂ ಆಗಸ್ಟ್‌ನಲ್ಲಿ ತರಗತಿ ಶುರುವಾಗುವ ಮೊದಲೇ ಮುಗಿಯಬೇಕು. ಠೇವಣಿ ಕಟ್ಟಿದ ಕಾಲೇಜಿನ ಐ-20 ಆಗಲೇ ಕೈಗೆ ಬಂದಿದ್ದರೂ ಹೊಸ ಕಾಲೇಜಿನಿಂದ ಮತ್ತೊಂದು ಬೇಕಾಗುತ್ತದೆ, ಮೊದಲ ಕಾಲೇಜಿನಲ್ಲಿ ಕಟ್ಟಿದ ಠೇವಣಿ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ. ಪತ್ರ ಇದರಲ್ಲಿ ಒಂದನ್ನೂ ಹೇಳಿರಲಿಲ್ಲ.

ಮೇ ತಿಂಗಳಲ್ಲಿ ಒಂದು ಸಂದೇಶ ಬಂತು: ಪರಿಶೀಲನೆ ನಡೆಯುತ್ತಿದೆ, ಜೂನ್ ಕೊನೆಯೊಳಗೆ ಎಲ್ಲರಿಗೂ ಉತ್ತರ ಕೊಡುತ್ತೇವೆ ಎಂದಿತ್ತು. ಹೇಳಿದಂತೆಯೇ ನಡೆದುಕೊಂಡರು. ಮೇ 1ರ ನಂತರ ಬೇರೆಡೆ ಒಪ್ಪಿಕೊಂಡ ವಿದ್ಯಾರ್ಥಿಗಳನ್ನು ಸೆಳೆಯಬಾರದು ಎಂಬ ನಿಯಮವನ್ನು ಅಮೆರಿಕದ ಪ್ರವೇಶ ಸಲಹೆಗಾರರ ಸಂಘ, ನ್ಯಾಯ ಇಲಾಖೆಯ ತನಿಖೆಯ ಒತ್ತಡದಲ್ಲಿ, 2019ರಲ್ಲಿ ಕೈಬಿಟ್ಟಿತು. ಸೇರುವವರ ಲೆಕ್ಕ ಬೇಸಿಗೆಯುದ್ದಕ್ಕೂ ಅಲುಗಾಡಬಹುದಾದ ಇಂಥ ಸ್ಥಿತಿಯಲ್ಲೂ ಒಂದು ದಿನಾಂಕ ಗೊತ್ತುಮಾಡಿ ಪಟ್ಟಿಯನ್ನು ಮುಚ್ಚಿದ್ದು ದೊಡ್ಡ ಗುಣ. ಕೊನೆಯ ಪತ್ರ ಚಿಕ್ಕದಾಗಿತ್ತು, ಸ್ಪಷ್ಟವಾಗಿತ್ತು, ಮುಂದಿನ ವರ್ಷ ಪ್ರಯತ್ನಿಸಿ ಎಂಬ ಹುಸಿ ಆಸೆಯನ್ನು ಹುಟ್ಟಿಸಲಿಲ್ಲ.

ಸೌಜನ್ಯಕ್ಕೆ ಮತ್ತು ಸಮಯಪಾಲನೆಗೆ ಈ ಸೇವೆಗೆ ಒಳ್ಳೆಯ ಅಂಕ ಕೊಡುತ್ತೇನೆ, ಮಾಹಿತಿಗೆ ಕೊಡಲಾರೆ. ಪೂರ್ತಿ ಶುಲ್ಕ ಕಟ್ಟಬಲ್ಲವರು, ಠೇವಣಿ ಕಟ್ಟಿದ ಕಾಲೇಜನ್ನು ಮನಃಪೂರ್ವಕವಾಗಿ ಒಪ್ಪಿಕೊಂಡವರು ಇಂತಹ ಪಟ್ಟಿಯಲ್ಲಿ ಹೆಸರು ಉಳಿಸಿಕೊಳ್ಳಬಹುದು, ಅದರಿಂದ ನಷ್ಟವಿಲ್ಲ. ನೆರವು ಬೇಕಾದವರು ಒಪ್ಪಿಗೆ ಸೂಚಿಸುವ ಮೊದಲು ಸಿ2 ಭಾಗದ ಕೆಲವು ವರ್ಷಗಳ ಸಂಖ್ಯೆಗಳನ್ನು ನೋಡಿ, ವೇಟಿಂಗ್ ಲಿಸ್ಟಿನಿಂದ ಬಂದವರಿಗೆ ಆರ್ಥಿಕ ನೆರವು ಉಂಟೇ ಎಂದು ಬರಹದಲ್ಲಿ ಕೇಳಿ ಉತ್ತರ ಪಡೆಯಲಿ.