ಮೂರು ಚೆಂಡುಗಳ ಸ್ಪೈರೋಮೀಟರ್: ಪಾರ್ಶ್ವವಾಯುವಿನ ನಂತರ ಆರು ವಾರಗಳ ಬಳಕೆ

ಪಾರ್ಶ್ವವಾಯುವಿನಿಂದ ಬಲಗೈ ಮತ್ತು ಬಲಗಾಲಿನ ಸ್ವಾಧೀನ ಕಳೆದುಕೊಂಡಿದ್ದ ನನ್ನ ತಂದೆಯವರನ್ನು ಆಸ್ಪತ್ರೆಯಿಂದ ಮನೆಗೆ ಕರೆತರುವಾಗ, ಅಲ್ಲಿನ ಫಿಸಿಯೋಥೆರಪಿಸ್ಟ್ ಉಸಿರೆಳೆಯುವ ವ್ಯಾಯಾಮದ ಉಪಕರಣವಾದ ಮೂರು ಚೆಂಡುಗಳ ಸ್ಪೈರೋಮೀಟರ್ ಒಂದನ್ನು ಕೊಟ್ಟು ದಿನವೂ ಬಳಸಬೇಕೆಂದು ಹೇಳಿದ್ದರು. ಕೈಕಾಲುಗಳ ವ್ಯಾಯಾಮದ ಚಿಂತೆಯಲ್ಲಿದ್ದ ನಮಗೆ ಉಸಿರಿನ ವ್ಯಾಯಾಮ ಏಕೆ ಬೇಕೆಂಬುದು ಹೊಳೆದಿರಲಿಲ್ಲ. ಪಾರ್ಶ್ವವಾಯು ವಪೆಯನ್ನೂ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಪಕ್ಕೆಲುಬುಗಳ ನಡುವಿನ ಸ್ನಾಯುಗಳನ್ನೂ ದುರ್ಬಲಗೊಳಿಸಬಲ್ಲದು; ಕೆಮ್ಮಿನ ಬಲ ಕುಗ್ಗಿ ಕಫ ಒಳಗೇ ಉಳಿದಾಗ, ಅದರ ಜೊತೆಗೆ ನುಂಗುವ ತೊಂದರೆಯೂ ಇದ್ದರೆ, ನ್ಯುಮೋನಿಯಾದ ಅಪಾಯ ಹೆಚ್ಚುತ್ತದೆ.

ಉಪಕರಣದ ರಚನೆ ಸರಳವಾಗಿದೆ. ಬಾಯಿಗಿಡುವ ನಳಿಕೆಯಿಂದ ಸೆಕೆಂಡಿಗೆ 600 ಮಿ.ಲೀ. ವೇಗದಲ್ಲಿ ಉಸಿರೆಳೆದರೆ ಮೊದಲ ಚೆಂಡು, 900ಕ್ಕೆ ಎರಡನೆಯದು, 1200ಕ್ಕೆ ಮೂರನೆಯದು ಮೇಲೇಳುತ್ತದೆ. ಇದರಲ್ಲಿ ಊದಬಾರದು, ಎಳೆಯಬೇಕು. ತಂದೆಯವರಿಗೆ ಇದು ರೂಢಿಯಾಗಲು ಎರಡು ದಿನ ಬೇಕಾಯಿತು. ಆಮೇಲೂ ಚೆಂಡು ಕದಲದಿದ್ದಾಗ ಅವರ ಉಸಿರಿನಲ್ಲಿಯೇ ಶಕ್ತಿಯಿಲ್ಲವೆಂದು ನಾನು ಬಹಳ ನೊಂದುಕೊಂಡೆ. ಆದರೆ ನಿಜವಾದ ಕಾರಣ ಬೇರೆಯಿತ್ತು: ಮುಖದ ಬಲಭಾಗ ಜೋತಿದ್ದರಿಂದ ತುಟಿ ನಳಿಕೆಯ ಸುತ್ತ ಮುಚ್ಚಿಕೊಳ್ಳದೆ, ಆ ಸಂದಿಯಿಂದಲೇ ಗಾಳಿ ಒಳಗೆ ಹೋಗುತ್ತಿತ್ತು. ತುಟಿಯ ಅಂಚನ್ನು ಬೆರಳಿನಿಂದ ಮೆಲ್ಲನೆ ಒತ್ತಿಹಿಡಿದ ಕೂಡಲೇ ಮೊದಲ ಚೆಂಡು ಎದ್ದಿತು. ಜೊತೆಗೆ ಬಂದ ಸೂಚನಾ ಪತ್ರದಲ್ಲಿ ಈ ವಿಷಯದ ಒಂದು ಸಾಲೂ ಇಲ್ಲದಿರುವುದು ದೊಡ್ಡ ಕೊರತೆ.

ಅದಕ್ಕಿಂತ ಮುಖ್ಯವಾದ ದೋಷವೆಂದರೆ, ಈ ಬಗೆಯ ಸ್ಪೈರೋಮೀಟರ್ ತೋರಿಸುವುದು ಗಾಳಿಯ ವೇಗವನ್ನೇ ಹೊರತು ಒಳಹೋದ ಗಾಳಿಯ ಪ್ರಮಾಣವನ್ನಲ್ಲ. ಮೂರನೆಯ ಚೆಂಡನ್ನು ಎಬ್ಬಿಸುವ ಉತ್ಸಾಹದಲ್ಲಿ ತಂದೆಯವರು ಭುಜ ಮೇಲೆತ್ತಿ ಒಮ್ಮೆಲೇ ಉಸಿರೆಳೆಯುತ್ತಿದ್ದರು. ಹೊಟ್ಟೆ ಮಾತ್ರ ಅಲುಗುತ್ತಲೇ ಇರಲಿಲ್ಲ. ನೆಟ್ಟಗೆ ಕುಳಿತು, ಎಡಗೈಯನ್ನು ಹೊಟ್ಟೆಯ ಮೇಲಿಟ್ಟು, ಒಂದೇ ಚೆಂಡನ್ನು ಎರಡು ಮೂರು ಸೆಕೆಂಡು ಮೇಲೆಯೇ ನಿಲ್ಲಿಸುವಂತೆ ನಿಧಾನವಾಗಿ ಎಳೆಯಲು ಫಿಸಿಯೋಥೆರಪಿಸ್ಟ್ ತಿದ್ದಿದ ಮೇಲೆಯೇ ವಪೆಗೆ ಕೆಲಸ ಸಿಕ್ಕಿತು. ಆಗ ಉಪಕರಣವನ್ನು ಮೇಜಿನ ಮೇಲೆ ಲಂಬವಾಗಿ ಇರಿಸಿ ನಾನು ಹಿಡಿದಿರುತ್ತಿದ್ದೆ, ಏಕೆಂದರೆ ಅದು ವಾಲಿದರೆ ಚೆಂಡು ಸುಲಭವಾಗಿ ಏರಿ ಮೋಸಮಾಡುತ್ತದೆ. ತಲೆ ಸುತ್ತಿದರೆ ತಕ್ಷಣ ನಿಲ್ಲಿಸಬೇಕು.

ಉಸಿರಾಟದ ಸ್ನಾಯುಗಳ ಬಲವರ್ಧನೆಯೇ ಗುರಿಯಾಗಿದ್ದರೆ ಇದು ಸಾಲದು. ಅದಕ್ಕೆ ಸ್ಪ್ರಿಂಗ್ ಕವಾಟದ ಮೂಲಕ ಉಸಿರಿಗೆ ಪ್ರತಿರೋಧ ಒಡ್ಡುವ, ಚಿಕಿತ್ಸಕರೇ ಹೊಂದಿಸಿಕೊಡಬೇಕಾದ ಬೇರೆ ಉಪಕರಣವಿದೆ. ಆರನೆಯ ವಾರದ ಹೊತ್ತಿಗೆ ತಂದೆಯವರು ಕಫವನ್ನು ತಾವೇ ಕೆಮ್ಮಿ ಹೊರಹಾಕತೊಡಗಿದರು, ಆದರೆ ನಡಿಗೆಯ ಅಭ್ಯಾಸವೂ ಜೊತೆಗೇ ಸಾಗಿದ್ದರಿಂದ ಅದರ ಶ್ರೇಯಸ್ಸನ್ನೆಲ್ಲ ಈ ಚೆಂಡುಗಳಿಗೆ ಕೊಡಲಾರೆ. ಮತ್ತೊಮ್ಮೆ ಕೊಳ್ಳುವ ಸಂದರ್ಭ ಬಂದರೆ, ಗಾಳಿಯ ಪ್ರಮಾಣವನ್ನು ಅಳೆದು ತೋರಿಸುವ ಪಿಸ್ಟನ್ ಮಾದರಿಯನ್ನೇ ಕೇಳಿ ಪಡೆಯುತ್ತೇನೆ.