ಪಾಲಿಯೆಸ್ಟರ್ ಬಣ್ಣದ ಬಾತ್‌ಗೆ ಸ್ಕೌರಿಂಗ್ ಸೋಪು ಹಾಕಬೇಡಿ

ಬಟ್ಟೆಗೆ ಬಣ್ಣ ಹಾಕುವ ಜೆಟ್ ಯಂತ್ರದಿಂದ ಹೊರಗೆ ಬಂದ ನೇವಿ ಬ್ಲೂ ಪಾಲಿಯೆಸ್ಟರ್ ಸೀರೆ ಬಟ್ಟೆಯ ಉದ್ದಕ್ಕೂ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳು. ಉಗುರಿನಿಂದ ಕೆರೆದರೆ ಟಾರಿನ ಹಾಗೆ ಅಂಟು. ಪಾಲಿಯೆಸ್ಟರಿಗೆ ಹಾಕುವ ಡಿಸ್ಪರ್ಸ್ ಬಣ್ಣ ಸರಿಯಿತ್ತು, ಅಸಿಟಿಕ್ ಆಸಿಡ್ ಹಾಕಿ ಪಿಎಚ್ 4.5ಕ್ಕೆ ತಂದದ್ದೂ ಸರಿ, 130 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಓಡಿಸಿದ್ದೂ ಸರಿ. ತಪ್ಪಿದ್ದು ಒಂದೇ ಕಡೆ: ಬಣ್ಣ ಸಮವಾಗಿ ಹಿಡಿಯಲಿ ಎಂದು ಸ್ಕೌರಿಂಗ್‌ನ (ಬಣ್ಣಕ್ಕೆ ಮುಂಚೆ ಬಟ್ಟೆ ತೊಳೆಯುವ ಕೆಲಸದ) ಸೋಪನ್ನೇ, ಅಂದರೆ ವಿದ್ಯುದಂಶವಿಲ್ಲದ ನಾನ್‌ಅಯಾನಿಕ್ ವೆಟ್ಟಿಂಗ್ ಏಜೆಂಟನ್ನೇ, ಲೀಟರಿಗೆ 1 ಗ್ರಾಂನಂತೆ ಬಣ್ಣದ ಬಾತ್‌ಗೂ (ಬಣ್ಣ ಕಲಸಿದ ನೀರಿಗೂ) ಸುರಿದಿದ್ದರು.

ಈ ಜಾತಿಯ ಸೋಪು ತಣ್ಣೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಕಾದಂತೆ ಕರಗುವ ಗುಣ ಕಳೆದುಕೊಳ್ಳುತ್ತದೆ. ಅದರ ಅಣು ನೀರಿನ ಜೊತೆ ಹಿಡಿದಿದ್ದ ಹೈಡ್ರೋಜನ್ ಬಂಧ ಬಿಸಿಗೆ ಸಡಿಲವಾಗಿ, ಒಂದು ಉಷ್ಣತೆ ದಾಟಿದ ಕೂಡಲೇ ದ್ರಾವಣ ಹಾಲಿನಂತಾಗುತ್ತದೆ. ಅದೇ ಕ್ಲೌಡ್ ಪಾಯಿಂಟ್. ಸ್ಕೌರಿಂಗ್‌ಗೆಂದು ಮಾರುವ ಎಷ್ಟೋ ಸರಕಿಗೆ ಇದು ನೂರು ಡಿಗ್ರಿಗಿಂತ ಬಹಳ ಕೆಳಗೇ ಇರುತ್ತದೆ, ಬಾತ್‌ನಲ್ಲಿ ಉಪ್ಪಿದ್ದರೆ ಇನ್ನೂ ಇಳಿಯುತ್ತದೆ. ಆಗ ಬೇರ್ಪಡುವ ಎಣ್ಣೆಯಂಥ ಹನಿಗಳಿಗೆ ಡಿಸ್ಪರ್ಸ್ ಬಣ್ಣ ಓಡಿಹೋಗುತ್ತದೆ, ಏಕೆಂದರೆ ಅದು ನೀರಿನಲ್ಲಿ ಕರಗುವುದೇ ಅಪರೂಪ, ಎಣ್ಣೆಯಲ್ಲಿ ಸುಲಭ. ಹನಿಗಳು ಒಂದಕ್ಕೊಂದು ಕೂಡಿ ಬಟ್ಟೆಗೆ, ನಾಜಲ್‌ಗೆ, ಯಂತ್ರದ ಗೋಡೆಗೆ ಮೆತ್ತಿಕೊಳ್ಳುತ್ತವೆ.

ಸೋಪಿನ ಹೊಸ ಡ್ರಮ್ ಬಳಸುವ ಮುಂಚೆ ಅದರಿಂದ ಸ್ವಲ್ಪ ತೆಗೆದು ಗಾಜಿನ ಬೀಕರ್‌ನಲ್ಲಿ 1% ದ್ರಾವಣ ಮಾಡಿ, ಥರ್ಮಾಮೀಟರ್ ಅದ್ದಿ ನಿಧಾನಕ್ಕೆ ಕಾಯಿಸಿ. ಮಸುಕಾದ ಉಷ್ಣತೆ ಬರೆದಿಟ್ಟುಕೊಳ್ಳಿ; ತಣಿದಾಗ ಮತ್ತೆ ತಿಳಿಯಾದರೆ ಅದು ಕ್ಲೌಡ್ ಪಾಯಿಂಟೇ. ಕುದಿಯುವವರೆಗೂ ತಿಳಿಯಾಗಿದ್ದರೆ ಗೆದ್ದೆವು ಎನ್ನಬೇಡಿ, ಯಂತ್ರ ಹೋಗುವುದು 130ಕ್ಕೆ. ಲ್ಯಾಬ್‌ನ ಮುಚ್ಚಿದ ಪಾಟ್‌ನಲ್ಲಿ ಬಟ್ಟೆಯಿಲ್ಲದೆ ಬಣ್ಣ, ಸೋಪು ಎರಡನ್ನೂ 130ಕ್ಕೆ ಓಡಿಸಿ, ತಣಿಸಿ, ಫಿಲ್ಟರ್ ಕಾಗದದಲ್ಲಿ ಸೋಸಿ. ಕಾಗದದ ಮೇಲೆ ಕಣ ಉಳಿದರೆ ಆ ಸೋಪು ಬೇಡ. ಬಣ್ಣದ ಬಾತ್‌ಗೆ ಬಣ್ಣದ ಕಣ ಒಟ್ಟುಗೂಡದಂತೆ ಹಿಡಿಯುವ ಅನಯಾನಿಕ್ (ಋಣ ವಿದ್ಯುದಂಶದ) ಡಿಸ್ಪರ್ಸಿಂಗ್ ಏಜೆಂಟ್ ಲೀಟರಿಗೆ 0.5ರಿಂದ 1 ಗ್ರಾಂ ಸಾಕು.

ಬಣ್ಣದ ಬಾತ್‌ಗೆ ಹಾಕದಿದ್ದರೂ ಸ್ಕೌರಿಂಗ್‌ನ ಸೋಪು ಬಟ್ಟೆಯಲ್ಲೇ ಉಳಿದು ಬರಬಹುದು. ತೊಳೆದ ನೀರನ್ನು ಬಾಟಲಿಗೆ ತುಂಬಿ ಕುಲುಕಿ. ನೊರೆ ನಿಂತರೆ ಇನ್ನೊಂದು ಸಲ ತೊಳೆಯಲೇಬೇಕು.

ಚುಕ್ಕೆ ಬಿದ್ದ ಬಟ್ಟೆಗೆ ಲೀಟರಿಗೆ 2 ಗ್ರಾಂ ಕಾಸ್ಟಿಕ್ ಸೋಡಾ, 2 ಗ್ರಾಂ ಹೈಡ್ರೋಸ್ (ಬಣ್ಣ ಕಳೆಯುವ ಸೋಡಿಯಂ ಹೈಡ್ರೋಸಲ್ಫೈಟ್) ಹಾಕಿ 80 ಡಿಗ್ರಿಯಲ್ಲಿ 20 ನಿಮಿಷ ಓಡಿಸಿದರೆ ಮೇಲಿನ ಅಂಟು ಹೋಗುತ್ತದೆ, ಎಳೆಯೊಳಗೆ ಇಳಿದ ಬಣ್ಣ ಹೋಗದು. ಅಂಥ ಲಾಟ್ ಕಪ್ಪಿಗೆ ತಿರುಗಿಸುವುದೇ ವಾಸಿ. ಯಂತ್ರವನ್ನೂ ಕಾಸ್ಟಿಕ್, ಹೈಡ್ರೋಸ್ ಹಾಕಿ ಖಾಲಿ ಓಡಿಸದೆ ಮುಂದಿನ ತಿಳಿ ಗುಲಾಬಿ ಲಾಟ್ ತುಂಬಬೇಡಿ, ನಾಜಲ್‌ನಲ್ಲಿ ಕೂತ ನೀಲಿ ಅದರ ಮೇಲೆ ಇಳಿಯುತ್ತದೆ.